ಹೆಗಲು ಮರಳಿ ಏಳುವಂತೆ



ಶಿವಮೊಗ್ಗದಿಂದ ಭದ್ರಾವತಿಗೆ ಸಾಗುವ ಬಿ.ಎಚ್. ರಸ್ತೆಯಲ್ಲಿ ನೀವು ಎಷ್ಟೋ ಬಾರಿ ಪಯಣಿಸಿರುತ್ತೀರಿ. ಮಾಚೇನಹಳ್ಳಿಯ ಬಳಿ ಬಸ್ಸು ನಿಧಾನವಾದಾಗ ಒಮ್ಮೆ ಕಿಟಕಿಯಾಚೆ ನೋಡಿ. ಒಂದೆಡೆ ಹಾಲು ಒಕ್ಕೂಟದ ಡೈರಿ, ಇನ್ನೊಂದೆಡೆ ಕೈಗಾರಿಕಾ ಪ್ರದೇಶದ ಎರಕದ ಕಾರ್ಖಾನೆಗಳು, ಅಲ್ಲೇ ರಾಜ್ಯ ಮೀಸಲು ಪೊಲೀಸ್ ಪಡೆಯ ನೆಲೆ. ಪಾಳಿ ಬದಲಾಗುವ ಹೊತ್ತಿಗೆ ಅಲ್ಲಿ ಮೊದಲು ಕಣ್ಣಿಗೆ ಬೀಳುವುದು ಮನುಷ್ಯರ ಮುಖಗಳಲ್ಲ, ಹೆಗಲುಗಳು. ಹಾಲಿನ ಕ್ಯಾನು ಹೊತ್ತ ಹೆಗಲು, ಬಂದೂಕು ಹೊತ್ತ ಹೆಗಲು, ಊಟದ ಚೀಲ ನೇತುಹಾಕಿಕೊಂಡು ದಣಿದು ಮನೆಗೆ ಹೊರಟ ಹೆಗಲು. ಮುಂದೆ ಭದ್ರಾವತಿಯಲ್ಲಿ 1923ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆಯೂ ಇಂಥ ಹೆಗಲುಗಳ ಮೇಲೆಯೇ ನಿಂತಿತು. ಆ ಕೆಲಸವನ್ನು ನಂಬಿ ದೂರದೂರದಿಂದ ಬಂದು ನೆಲೆಸಿದ ಕುಟುಂಬಗಳು ನಮ್ಮ ಧರ್ಮಕೇಂದ್ರಗಳಲ್ಲಿಯೂ ಇವೆ.

ದುಡಿಯುವವನಿಗೆ ಹೆಗಲೇ ಆಸ್ತಿ. ನಮ್ಮ ನುಡಿಯೂ ಇದನ್ನು ಬಲ್ಲದು. ಸಹಾಯ ಮಾಡುವುದನ್ನು ನಾವು ‘ಹೆಗಲು ಕೊಡುವುದು’ ಎನ್ನುತ್ತೇವೆ. ಶುಭಸಂದೇಶದ ಕುರುಬನು ಕಳೆದುಹೋದ ಕುರಿಯನ್ನು ಕಂಡಾಗ ಅದನ್ನು ಹಗ್ಗ ಕಟ್ಟಿ ಎಳೆದು ತರುವುದಿಲ್ಲ, ಹೆಗಲ ಮೇಲೆ ಹೊತ್ತು ತರುತ್ತಾನೆ. ತಪಸ್ಸುಕಾಲದಲ್ಲಿ ನಾವು ಧ್ಯಾನಿಸುವ ಶಿಲುಬೆಯ ಹಾದಿಯಲ್ಲಿ ಸಿರೇನ್ಯದ ಸಿಮೋನನು ಪ್ರಭುವಿಗೆ ನೀಡಿದ್ದು ಮಾತಲ್ಲ, ತನ್ನ ಹೆಗಲು.

ಅಂಥ ಹೆಗಲೊಂದು ಜೋತುಬಿದ್ದ ಮನೆಯನ್ನು ನೀವು ನಿಮ್ಮ ನೆರೆಯಲ್ಲೇ ಕಂಡಿರಬಹುದು. ಬಾಯಿಯ ಅಥವಾ ಗಂಟಲಿನ ಕ್ಯಾನ್ಸರಿಗಾಗಿ ಮನೆಯ ಹಿರಿಯರು ಬೆಂಗಳೂರಿಗೋ ಮಣಿಪಾಲಕ್ಕೋ ಹೋಗಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಬಂದಿರುತ್ತಾರೆ. ಕೊರಳಿನ ಉದ್ದಕ್ಕೂ ಗಾಯದ ಗೆರೆ. ಜೀವ ಉಳಿಯಿತೆಂದು ಮನೆಯವರು ದೇವರಿಗೆ ವಂದನೆ ಸಲ್ಲಿಸುತ್ತಾರೆ. ಕೆಲವು ವಾರಗಳ ಬಳಿಕ ಅವರು ಅಂಗಿ ತೊಡಲು ತಿಣುಕುವುದು, ತಲೆ ಬಾಚಲಾಗದೆ ಕೈ ಇಳಿಸುವುದು, ಅಟ್ಟದ ಮೇಲಿನ ಡಬ್ಬಿಯನ್ನು ಮಗನಿಂದ ತೆಗೆಸಿಕೊಳ್ಳುವುದು ಕಾಣತೊಡಗುತ್ತದೆ. “ಕ್ಯಾನ್ಸರ್ ಬಂದಿದ್ದು ಬಾಯಿಗೆ, ಹೆಗಲೇಕೆ ಬಿದ್ದುಹೋಯಿತು?” ಎಂದು ಅವರು ಕೇಳುತ್ತಾರೆ. “ದೊಡ್ಡ ಆಪರೇಷನ್ ಆಗಿದೆಯಲ್ಲ, ನಿಶ್ಶಕ್ತಿ ಇರುತ್ತದೆ, ಸುಮ್ಮನೆ ಮಲಗಿರಿ” ಎಂದು ಮನೆಯವರು ಸಮಾಧಾನ ಹೇಳುತ್ತಾರೆ. ಪ್ರೀತಿಯಿಂದ ಹೇಳಿದ ಈ ಮಾತೇ ಅವರ ಹೆಗಲಿಗೆ ಮುಳುವಾಗಬಹುದು. ಅದೇಕೆಂದು ತಿಳಿಯಲು ನಾವು ಸ್ವಲ್ಪ ಇತಿಹಾಸವನ್ನು ಓದಬೇಕು.

ಸಂನ್ಯಾಸಿಯ ಮುಸುಕು

ನಮ್ಮ ತಲೆಯ ಹಿಂಬದಿಯಿಂದ ಎರಡೂ ಹೆಗಲುಗಳವರೆಗೆ, ಅಲ್ಲಿಂದ ಬೆನ್ನಿನ ನಡುವಿನವರೆಗೆ ಹರಡಿಕೊಂಡಿರುವ ಅಗಲವಾದ ಸ್ನಾಯುವಿಗೆ ವೈದ್ಯರು ಟ್ರಪೀಜಿಯಸ್ ಎನ್ನುತ್ತಾರೆ. ಹಿಂದಿನ ಅಂಗರಚನಾ ಶಾಸ್ತ್ರಜ್ಞರು ಇದನ್ನು ಕುಕುಲ್ಲಾರಿಸ್ ಎಂದು ಕರೆಯುತ್ತಿದ್ದರು. ಕುಕುಲ್ಲಾ ಎಂದರೆ ಮಠವಾಸಿ ಸಂನ್ಯಾಸಿಗಳು ತೊಡುವ ಮುಸುಕಿನ ಮೇಲಂಗಿ. ಎರಡೂ ಬದಿಯ ಸ್ನಾಯುಗಳನ್ನು ಒಟ್ಟಾಗಿ ನೋಡಿದರೆ ಸಂನ್ಯಾಸಿಯೊಬ್ಬನು ಮುಸುಕನ್ನು ಬೆನ್ನಿನ ಮೇಲೆ ಇಳಿಬಿಟ್ಟಂತೆ ಕಾಣುವುದರಿಂದ ಆ ಹೆಸರು ಬಂದಿತು. ಹೆಗಲಿನ ರೆಕ್ಕೆಮೂಳೆಯನ್ನು ಬೆನ್ನಿಗೆ ಭದ್ರವಾಗಿ ಹಿಡಿದು, ಕೈಯನ್ನು ಮೇಲೆತ್ತುವಾಗ ಆ ಮೂಳೆಯನ್ನು ತಿರುಗಿಸಿಕೊಡುವುದು ಈ ಸ್ನಾಯುವಿನ ಕೆಲಸ. ಅದು ಸೋತರೆ ಹೆಗಲು ಮುಂದಕ್ಕೂ ಕೆಳಕ್ಕೂ ಜೋಲುತ್ತದೆ, ಕೈಯನ್ನು ಪಕ್ಕದಿಂದ ಭುಜದ ಮಟ್ಟಕ್ಕಿಂತ ಮೇಲೆ ಎತ್ತುವುದು ಕಷ್ಟವಾಗುತ್ತದೆ.

ಈ ಸ್ನಾಯುವಿಗೆ ಮಿದುಳಿನ ಆಜ್ಞೆಯನ್ನು ತರುವುದು ಹನ್ನೊಂದನೆಯ ಕಪಾಲ ನರ. 1664ರಲ್ಲಿ ಇಂಗ್ಲೆಂಡಿನ ವೈದ್ಯ ಥಾಮಸ್ ವಿಲ್ಲಿಸ್ ಇದನ್ನು ವಿವರಿಸಿ, ಬೇರೊಂದು ನರದ ಜೊತೆಗೂಡಿ ಸಾಗುವ ಕಾರಣ ‘ಆಕ್ಸೆಸರಿ’ ಎಂದು, ಅಂದರೆ ‘ಸಹಾಯಕ’ ಎಂದು, ಹೆಸರಿಸಿದನು. ಹೆಸರು ಸಹಾಯಕನದಾದರೂ ಹೆಗಲಿಗೆ ಇದೇ ಯಜಮಾನ. ಈ ತೆಳುವಾದ ನರವು ಕೊರಳಿನ ಪಕ್ಕದಲ್ಲಿ, ಚರ್ಮದಿಂದ ಹೆಚ್ಚು ಆಳವಿಲ್ಲದ ಹಾದಿಯಲ್ಲಿ, ದುಗ್ಧರಸ ಗ್ರಂಥಿಗಳ ನಡುವೆಯೇ ಹಾದುಹೋಗುತ್ತದೆ. ಬಾಯಿ ಮತ್ತು ಗಂಟಲಿನ ಕ್ಯಾನ್ಸರು ಹರಡುವಾಗ ಮೊದಲು ಸೇರುವುದು ಆ ಗ್ರಂಥಿಗಳನ್ನೇ. ರೋಗವನ್ನು ಕಿತ್ತುಹಾಕಲು ಹೊರಟ ಕತ್ತಿಯ ಹಾದಿಯೂ ಹೆಗಲನ್ನು ಎತ್ತುವ ನರದ ಹಾದಿಯೂ ಒಂದೇ ಆಗಿರುವುದು ಈ ಕಥೆಯ ಮೂಲ.

ಜೀವಕ್ಕಾಗಿ ತೆತ್ತ ಬೆಲೆ

1906ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ನಗರದ ಶಸ್ತ್ರವೈದ್ಯ ಜಾರ್ಜ್ ಕ್ರೈಲ್ 132 ಶಸ್ತ್ರಚಿಕಿತ್ಸೆಗಳ ಅನುಭವವನ್ನು ಆಧರಿಸಿ ಒಂದು ಪ್ರಬಂಧವನ್ನು ಪ್ರಕಟಿಸಿದರು. ಕಂಡ ಗಡ್ಡೆಯನ್ನಷ್ಟೇ ಕೀಳದೆ, ಕೊರಳಿನ ಒಂದು ಬದಿಯ ಗ್ರಂಥಿಗಳನ್ನೆಲ್ಲ ಸುತ್ತಲಿನ ಅಂಗಾಂಶಗಳ ಸಹಿತ ಒಂದೇ ತುಂಡಾಗಿ ತೆಗೆಯಬೇಕೆಂಬುದು ಅವರ ವಾದವಾಗಿತ್ತು. ಅಲ್ಲಿಯವರೆಗೆ ಕೊರಳಿಗೆ ಹರಡಿದ ಕ್ಯಾನ್ಸರ್ ಎಂದರೆ ಬಹುಮಟ್ಟಿಗೆ ಸಾವಿನ ತೀರ್ಪೇ ಆಗಿತ್ತು. ಕ್ರೈಲರ ವಿಧಾನವು ಆ ತೀರ್ಪಿನ ಎದುರು ನಿಂತ ಮೊದಲ ಕ್ರಮಬದ್ಧ ಉತ್ತರ.

ಈ ವಿಧಾನವನ್ನು ಗಟ್ಟಿಯಾಗಿ ನೆಲೆಗೊಳಿಸಿದವರು ನ್ಯೂಯಾರ್ಕಿನ ಮೆಮೋರಿಯಲ್ ಆಸ್ಪತ್ರೆಯ ಹೇಯ್ಸ್ ಮಾರ್ಟಿನ್. 1951ರಲ್ಲಿ ಅವರು ಮತ್ತು ಸಹೋದ್ಯೋಗಿಗಳು 1,450 ಶಸ್ತ್ರಚಿಕಿತ್ಸೆಗಳ ವರದಿಯನ್ನು ಪ್ರಕಟಿಸಿದರು. ಆಕ್ಸೆಸರಿ ನರವನ್ನು ಉಳಿಸುವ ಯಾವ ಪ್ರಯತ್ನವನ್ನೂ ಮಾರ್ಟಿನ್ ಖಂಡಿಸಿದರು. ನರವನ್ನು ಉಳಿಸಹೋಗಿ ಅದರ ಸುತ್ತ ರೋಗದ ಒಂದು ಕಣ ಉಳಿದರೂ ಪ್ರಾಣ ಹೋಗುತ್ತದೆ ಎಂಬುದು ಅವರ ಭಯ. ಇದನ್ನು ಕ್ರೌರ್ಯವೆಂದು ಭಾವಿಸಬೇಡಿ. ಮುಳುಗುತ್ತಿರುವವನ ಕೂದಲು ಹಿಡಿದು ಎಳೆಯುವವನು ನೋವಾದೀತೆಂದು ಯೋಚಿಸಿ ಕೈ ಬಿಡುವುದಿಲ್ಲ.

ಆದರೆ ದಡ ಸೇರಿದವನಿಗೆ ನೋವು ತಿಳಿಯುತ್ತದೆ. ಮೊದಲ ದಶಕಗಳಲ್ಲಿ ಹೆಗಲಿನ ಮಾತು ಅಷ್ಟಾಗಿ ಕೇಳಿಬರದಿದ್ದುದಕ್ಕೆ ಒಂದು ಕಾರಣವನ್ನು ನಾವೇ ಊಹಿಸಬಹುದು. ಹೆಗಲು ನೋಯುತ್ತದೆ ಎಂದು ಹೇಳಲು ಮನುಷ್ಯನು ಮೊದಲು ಬದುಕಿ ಉಳಿಯಬೇಕು. ಉಳಿದವರ ಸಂಖ್ಯೆ ಹೆಚ್ಚಿದಂತೆ ಅವರ ದನಿಯೂ ಕೇಳಿಸಿತು. 1952ರಲ್ಲಿ ಮಾರ್ಟಿನರೇ ಯೂಯಿಂಗ್ ಎಂಬವರೊಡನೆ ಸೇರಿ, ಶಸ್ತ್ರಚಿಕಿತ್ಸೆಗೆ ಒಳಗಾದ 100 ಮಂದಿಯನ್ನು ಪರೀಕ್ಷಿಸಿ ಅವರ ಅಂಗವೈಕಲ್ಯದ ಕುರಿತು ಬರೆದರು. 1961ರಲ್ಲಿ ನಾಹುಮ್ ಮತ್ತು ಸಂಗಡಿಗರು ಹೆಗಲಿನ ನೋವು, ಜೋಲುವಿಕೆ, ಕೈ ಮೇಲೇಳದಿರುವಿಕೆ ಇವೆಲ್ಲವನ್ನೂ ಒಂದುಗೂಡಿಸಿ ಒಂದು ರೋಗಲಕ್ಷಣ ಸಮೂಹವೆಂದು ಗುರುತಿಸಿದರು. ಹೆಸರಿಲ್ಲದ ಸಂಕಟಕ್ಕೆ ಹೆಸರು ದೊರೆಯಿತು. ಹೆಸರಿಟ್ಟ ಮೇಲೆ ವೈದ್ಯರು ಅದಕ್ಕೆ ಉತ್ತರ ಹುಡುಕಲೇಬೇಕಾಯಿತು.

ಉಳಿಸುವ ಕತ್ತಿ

ಉತ್ತರವು ಅಮೆರಿಕದ ದೊಡ್ಡ ಆಸ್ಪತ್ರೆಗಳಿಂದ ಬರಲಿಲ್ಲ. ಅರ್ಜೆಂಟೀನಾದ ಕೊರ್ಡೋಬಾ ನಗರದ ಓಸ್ವಾಲ್ಡೋ ಸ್ವಾರೆಸ್ ಎಂಬ ವೈದ್ಯರು, ಕೊರಳಿನ ಗ್ರಂಥಿಗಳು ತೆಳುವಾದ ಪೊರೆಗಳ ಪದರಗಳೊಳಗೆ ಅಡಗಿರುವುದನ್ನು ಗಮನಿಸಿದ್ದರು. ಆ ಪೊರೆಗಳನ್ನು ಸರಿಯಾಗಿ ಬಿಡಿಸಿದರೆ ಗ್ರಂಥಿಗಳೆಲ್ಲ ಹೊರಬರುತ್ತವೆ, ನರ ಮತ್ತು ಸ್ನಾಯುಗಳನ್ನು ಉಳಿಸಿಕೊಳ್ಳಬಹುದು ಎಂದು ಅವರು 1963ರಲ್ಲಿ ಸ್ಪ್ಯಾನಿಷ್ ಭಾಷೆಯಲ್ಲಿ ಬರೆದರು. ಇಂಗ್ಲಿಷ್ ಓದುವ ಜಗತ್ತು ಅದನ್ನು ಬಹುಕಾಲ ಗಮನಿಸಲಿಲ್ಲ. ಇಟಲಿಯ ಮಿಲಾನಿನ ಎಟ್ಟೋರೆ ಬೊಕ್ಕಾ ಆ ವಿಧಾನವನ್ನು ಅನುಸರಿಸಿ, 1960ರ ದಶಕದ ಕೊನೆಯ ಭಾಗದಿಂದ ಇಂಗ್ಲಿಷಿನಲ್ಲಿ ಬರೆದು ಲೋಕಕ್ಕೆ ಪರಿಚಯಿಸಿದರು. ಕೀರ್ತಿಯ ಹೆಚ್ಚಿನ ಪಾಲು ಬೊಕ್ಕಾ ಅವರಿಗೆ ಸಂದಿತು. ಒಬ್ಬನು ನೆಡುತ್ತಾನೆ, ಇನ್ನೊಬ್ಬನು ನೀರೆರೆಯುತ್ತಾನೆ ಎಂದು ಕೊರಿಂಥದವರಿಗೆ ಸಂತ ಪೌಲನು ತಿಳಿಹೇಳಿದ್ದು ಇಂಥ ಸಂದರ್ಭಗಳಿಗೂ ಅನ್ವಯಿಸುವುದಲ್ಲವೇ?

ಮುಂದಿನ ಹೆಜ್ಜೆಯಲ್ಲಿ ಒಬ್ಬ ಭಾರತೀಯರ ಕೈಯಿದೆ. ಬರೋಡಾದಲ್ಲಿ ವೈದ್ಯಕೀಯ ಓದಿದ ಡಾ. ಜತಿನ್ ಶಾ, ಮಾರ್ಟಿನ್ ದುಡಿದ ಅದೇ ನ್ಯೂಯಾರ್ಕ್ ಆಸ್ಪತ್ರೆಯಲ್ಲಿ 1,119 ಕೊರಳ ಶಸ್ತ್ರಚಿಕಿತ್ಸೆಗಳನ್ನು ಪರಿಶೀಲಿಸಿ, ಯಾವ ಜಾಗದ ಕ್ಯಾನ್ಸರು ಯಾವ ಗುಂಪಿನ ಗ್ರಂಥಿಗಳಿಗೆ ಮೊದಲು ಹರಡುತ್ತದೆ ಎಂಬುದನ್ನು 1990ರಲ್ಲಿ ತೋರಿಸಿದರು. ಬಾಯಿಯ ಕ್ಯಾನ್ಸರು ಆರಂಭದ ಹಂತದಲ್ಲಿ ಮುಖ್ಯವಾಗಿ ಕೊರಳಿನ ಮೇಲಿನ ಮತ್ತು ನಡುವಿನ ಗ್ರಂಥಿಗಳಿಗೆ ಹೋಗುತ್ತದೆ. ಹಾಗಿದ್ದ ಮೇಲೆ ಹೆಗಲಿನ ನರವು ಹಾಯುವ ಹಿಂಬದಿಯ ಪ್ರದೇಶವನ್ನು ಎಲ್ಲರಲ್ಲಿಯೂ ಕೆದಕಬೇಕಾಗಿಲ್ಲ. ಒಂದು ಕಾಲದಲ್ಲಿ ಎಲ್ಲವನ್ನೂ ತೆಗೆಯುವುದೇ ಧೈರ್ಯವಾಗಿತ್ತು. ಈಗ ಏನನ್ನು ಬಿಡಬಹುದೆಂದು ಬಲ್ಲದ್ದೇ ವಿವೇಕವಾಯಿತು.

ನಮ್ಮ ನಾಡಿನ ಅಧ್ಯಾಯ

ಈ ರೋಗ ನಮಗೆ ಹೊರಗಿನದಲ್ಲ. ಕನ್ಯಾಕುಮಾರಿಯ ಸಮೀಪದ ನೆಯ್ಯೂರಿನ ಕ್ರೈಸ್ತ ಮಿಷನ್ ಆಸ್ಪತ್ರೆಯಲ್ಲಿ ಸೇವೆ ಸಲ್ಲಿಸುತ್ತಿದ್ದ ಡಾ. ಓರ್, ಎಲೆಯಡಿಕೆ ಮತ್ತು ತಂಬಾಕು ಅಗಿಯುವವರಲ್ಲಿ ಬಾಯಿಯ ಕ್ಯಾನ್ಸರು ಹೇಗೆ ಕಾಣಿಸಿಕೊಳ್ಳುತ್ತದೆ ಎಂಬುದನ್ನು 1933ರಲ್ಲೇ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದರು. ಎವರೆಸ್ಟ್ ಆರೋಹಣದ ತಂಡಗಳಲ್ಲಿದ್ದ ಡಾ. ಸೋಮರ್‌ವೆಲ್ ಸಹ ಶಿಖರಗಳ ಕೀರ್ತಿಯನ್ನು ಬದಿಗಿರಿಸಿ ಅದೇ ನೆಯ್ಯೂರಿನಲ್ಲಿ ಬಡವರ ಶಸ್ತ್ರವೈದ್ಯರಾಗಿ ದುಡಿದರು. ಅಡಿಕೆಯು ನಮ್ಮ ಶಿವಮೊಗ್ಗ ಜಿಲ್ಲೆಯ ಅನೇಕ ಮನೆಗಳ ಅನ್ನ. ಆ ಅನ್ನದ ಋಣವನ್ನು ಮರೆಯದೆಯೂ ಒಂದು ಸತ್ಯವನ್ನು ಹೇಳಲೇಬೇಕು. ಅಗಿಯುವ ಅಡಿಕೆಯು ತಂಬಾಕು ಸೇರದಿದ್ದರೂ ಕ್ಯಾನ್ಸರಿಗೆ ಕಾರಣವಾಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ನಿರ್ಣಯಿಸಿತು. ಕರ್ನಾಟಕದಲ್ಲಿ ಗುಟ್ಕಾ ನಿಷೇಧವಾದುದು 2013ರಲ್ಲಿ.

ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆ 1941ರಲ್ಲಿ, ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ 1973ರಲ್ಲಿ ಆರಂಭವಾದವು. ಟಾಟಾ ಆಸ್ಪತ್ರೆಯ ಡಾ. ಅನಿಲ್ ಡಿಕ್ರೂಜ್ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಅಧ್ಯಯನವು ಜಗತ್ತಿನ ಚಿಕಿತ್ಸಾಕ್ರಮವನ್ನೇ ಪ್ರಭಾವಿಸಿತು. ಬಾಯಿಯ ಕ್ಯಾನ್ಸರು ಆರಂಭದ ಹಂತದಲ್ಲಿದ್ದು, ಕೊರಳಿನಲ್ಲಿ ಗಡ್ಡೆ ಕಾಣದಿದ್ದರೂ, ಮೊದಲ ಶಸ್ತ್ರಚಿಕಿತ್ಸೆಯ ಜೊತೆಗೇ ಕೊರಳಿನ ಗ್ರಂಥಿಗಳನ್ನು ತೆಗೆದವರಲ್ಲಿ ಮೂರು ವರ್ಷಗಳ ಬಳಿಕ ಶೇಕಡಾ 80 ಮಂದಿ ಬದುಕಿದ್ದರು. ಗಡ್ಡೆ ಕಾಣಿಸಿಕೊಂಡ ಮೇಲೆ ತೆಗೆಯೋಣವೆಂದು ಕಾದವರಲ್ಲಿ ಆ ಪ್ರಮಾಣ ಶೇಕಡಾ 67.5 ಮಾತ್ರ. ಇದರ ಅರ್ಥವನ್ನು ಗಮನಿಸಿ. ಜೀವ ಉಳಿಸಲು ಕೊರಳಿನ ಶಸ್ತ್ರಚಿಕಿತ್ಸೆ ಹೆಚ್ಚು ಮಂದಿಗೆ ಅಗತ್ಯವಾಯಿತು. ಹೆಚ್ಚು ಮಂದಿ ಬದುಕಿ ಮನೆಗೆ ಬರುತ್ತಾರೆ, ಆದುದರಿಂದ ಹೆಗಲಿನ ಆರೈಕೆಯೂ ಹೆಚ್ಚು ಮಂದಿಗೆ ಬೇಕಾಗುತ್ತದೆ.

ಗಾಯ ಮಾಗಿದರೆ ಚಿಕಿತ್ಸೆ ಮುಗಿಯಿತೇ? ಮುಗಿಯದು ಎಂದು ನಮ್ಮ ದಕ್ಷಿಣ ಭಾರತಕ್ಕೆ ಕಲಿಸಿಕೊಟ್ಟ ಪಾಠಶಾಲೆಗಳಲ್ಲಿ ವೆಲ್ಲೂರಿನ ಕ್ರೈಸ್ತ ವೈದ್ಯಕೀಯ ಕಾಲೇಜು ಮುಖ್ಯವಾದುದು. 1946ರಲ್ಲಿ ಅಲ್ಲಿಗೆ ಬಂದ ಡಾ. ಪಾಲ್ ಬ್ರ್ಯಾಂಡ್, ಕುಷ್ಠರೋಗದಿಂದ ಮುದುಡಿದ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡಿದರು. ಸ್ನಾಯುವಿನ ಹುರಿಯನ್ನು ಬೇರೆಡೆಗೆ ಜೋಡಿಸಿದರೆ ಸಾಲದು, ಬೆರಳುಗಳಿಗೆ ಹೊಸ ಕೆಲಸವನ್ನು ದಿನದಿನವೂ ಕಲಿಸಬೇಕಾಗುತ್ತದೆ. ಅವರ ಶಿಷ್ಯೆ ಡಾ. ಮೇರಿ ವರ್ಗೀಸ್ 1954ರ ಅಪಘಾತದಲ್ಲಿ ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡರು. ಗಾಲಿಕುರ್ಚಿಯಲ್ಲಿ ಕುಳಿತೇ ರೋಗಿಗಳ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡಿದರು. ಬಳಿಕ ವಿದೇಶದಲ್ಲಿ ಪುನಶ್ಚೇತನ ವೈದ್ಯವನ್ನು ಕಲಿತು ಬಂದು ವೆಲ್ಲೂರಿನಲ್ಲಿ ಆ ವಿಭಾಗವನ್ನು ಕಟ್ಟಿದರು. ಕಳೆದುಹೋದುದಕ್ಕಾಗಿ ಅಳುತ್ತ ಕೂರದೆ ಉಳಿದುದನ್ನು ಪಳಗಿಸಬೇಕೆಂಬುದಕ್ಕೆ ಅವರ ಬದುಕೇ ಸಾಕ್ಷಿ. ಹೆಗಲಿನ ಪುನಶ್ಚೇತನದ ತಿರುಳೂ ಇದೇ.

ಹೆಗಲಿಗೆ ಮರುಪಾಠ

ಓದುಗರೇ, ನಿಮ್ಮ ಮನೆಯಲ್ಲಿ ಇಂಥವರಿದ್ದರೆ ಮೊದಲು ಶಸ್ತ್ರವೈದ್ಯರನ್ನು ಒಂದು ಪ್ರಶ್ನೆ ಕೇಳಿ: “ಹೆಗಲಿನ ನರ ಉಳಿದಿದೆಯೇ, ತೆಗೆಯಲಾಗಿದೆಯೇ?” ಉತ್ತರದ ಮೇಲೆ ಮುಂದಿನ ದಾರಿ ನಿಂತಿದೆ. ನರವನ್ನು ಉಳಿಸಿದ್ದರೂ ಶಸ್ತ್ರಚಿಕಿತ್ಸೆಯ ವೇಳೆ ಅದನ್ನು ಸರಿಸಿ, ಎಳೆದು, ಸುತ್ತಲಿನ ಅಂಗಾಂಶದಿಂದ ಬಿಡಿಸಿರುತ್ತಾರೆ. ಅಷ್ಟಕ್ಕೇ ಅದು ಕೆಲವು ತಿಂಗಳು ಮೌನವಾಗಬಹುದು. ಇಂಥ ನರವು ನಿಧಾನವಾಗಿ, ಕೆಲವರಲ್ಲಿ ವರ್ಷದವರೆಗೆ ಕಾಲ ತೆಗೆದುಕೊಂಡು, ಚೇತರಿಸಿಕೊಳ್ಳುತ್ತದೆ. ಈ ಕಾಯುವ ಕಾಲವೇ ಅಪಾಯದ ಕಾಲ. ನೋವಿಗೆ ಹೆದರಿ ಕೈಯನ್ನು ಎದೆಗೆ ಒತ್ತಿಕೊಂಡು ಕುಳಿತರೆ ಕೀಲಿನ ಸುತ್ತಲಿನ ಪೊರೆ ಬಿಗಿದು ಹೆಗಲು ಹೆಪ್ಪುಗಟ್ಟುತ್ತದೆ. ಆಮೇಲೆ ನರ ಎಚ್ಚರಗೊಂಡರೂ ಕೀಲು ತೆರೆಯುವುದಿಲ್ಲ. ಯಜಮಾನನು ಮನೆಗೆ ಮರಳುವ ಹೊತ್ತಿಗೆ ಬಾಗಿಲು ತುಕ್ಕು ಹಿಡಿದಂತೆ!

ಆದುದರಿಂದ ಫಿಜಿಯೋಥೆರಪಿ ತಜ್ಞರು ಮೊದಲ ದಿನಗಳಲ್ಲಿ ಕಲಿಸುವುದು ಬಾಗಿಲು ತುಕ್ಕು ಹಿಡಿಯದಂತೆ ನೋಡಿಕೊಳ್ಳುವುದನ್ನು. ಕುಳಿತಾಗ ಮೊಣಕೈಯ ಕೆಳಗೆ ದಿಂಬಿಟ್ಟು ಕೈಯ ಭಾರ ಹೆಗಲನ್ನು ಜಗ್ಗದಂತೆ ಮಾಡುವುದು. ಆ ಬದಿಯ ಕೈಯಲ್ಲಿ ಕೊಡ, ಚೀಲ ಹೊರದಿರುವುದು. ವೈದ್ಯರು ಒಪ್ಪಿದ ಮೇಲೆ ಅಂಗಾತ ಮಲಗಿ, ಗಟ್ಟಿಯಿರುವ ಕೈಯಿಂದ ಅಥವಾ ಒಂದು ಕೋಲಿನ ಸಹಾಯದಿಂದ ಸೋತ ಕೈಯನ್ನು ಮೆಲ್ಲಗೆ ಮೇಲೆತ್ತುವುದು. ಮಲಗಿದಾಗ ಬೆನ್ನಿನ ಕೆಳಗಿನ ಹಾಸಿಗೆಯೇ ರೆಕ್ಕೆಮೂಳೆಗೆ ಆಸರೆಯಾಗುವುದರಿಂದ ಕುಳಿತಾಗ ಏಳದ ಕೈ ಮಲಗಿದಾಗ ಏಳುತ್ತದೆ. ಎಷ್ಟೋ ರೋಗಿಗಳಿಗೆ ಮೊದಲ ಭರವಸೆ ಹುಟ್ಟುವುದು ಆ ಕ್ಷಣದಲ್ಲೇ. ಗಾಯ ಮಾಗಿದ ಬಳಿಕ ಕನ್ನಡಿಯ ಮುಂದೆ ಕುಳಿತು ಎರಡೂ ಹೆಗಲುಗಳನ್ನು ಸಮಮಾಡುವುದು, ರೆಕ್ಕೆಮೂಳೆಗಳನ್ನು ಹಿಂದಕ್ಕೆ ಒಂದಕ್ಕೊಂದು ಹತ್ತಿರ ತರುವುದು, ಮುಂದೆ ರಬ್ಬರ್ ಪಟ್ಟಿ ಅಥವಾ ಸಣ್ಣ ತೂಕಗಳಿಂದ ಸ್ವಲ್ಪಸ್ವಲ್ಪವೇ ಬಲ ಹೆಚ್ಚಿಸುವುದು ಕ್ರಮ.

ನರವನ್ನೇ ತೆಗೆಯಬೇಕಾಗಿ ಬಂದಿದ್ದರೆ ಟ್ರಪೀಜಿಯಸ್ ಸ್ನಾಯು ಹಿಂದಿನ ಬಲಕ್ಕೆ ಮರಳುವುದು ವಿರಳ. ಆಗಲೂ ದಾರಿ ಮುಚ್ಚುವುದಿಲ್ಲ. ರೆಕ್ಕೆಮೂಳೆಯನ್ನು ಹಿಡಿದಿರುವ ನೆರೆಯ ಸ್ನಾಯುಗಳಿಗೆ ಬೇರೆ ನರಗಳ ಪೋಷಣೆ ಇದೆ. ಅವುಗಳನ್ನು ಬಲಪಡಿಸಿದರೆ ಅವು ಬಿದ್ದವನ ಹೊರೆಯಲ್ಲಿ ಒಂದು ಪಾಲನ್ನು ಹೊರುತ್ತವೆ. ದೇಹದೊಳಗೂ ಸಿಮೋನರಿದ್ದಾರೆ!

ಇದು ಬರಿಯ ನಂಬಿಕೆಯ ಮಾತಲ್ಲ. ಕೆನಡಾದ ಮಾರ್ಗರೆಟ್ ಮೆಕ್‌ನೀಲಿ ಎಂಬ ಫಿಜಿಯೋಥೆರಪಿ ಸಂಶೋಧಕಿ 52 ರೋಗಿಗಳನ್ನು ಎರಡು ಗುಂಪುಗಳಾಗಿ ಮಾಡಿ 12 ವಾರ ಪರೀಕ್ಷಿಸಿದರು. ಹಂತಹಂತವಾಗಿ ತೂಕ ಹೆಚ್ಚಿಸುವ ವ್ಯಾಯಾಮ ಮಾಡಿದವರಲ್ಲಿ ಹೆಗಲಿನ ನೋವೂ ಅಸಹಾಯಕತೆಯೂ ಸಾಮಾನ್ಯ ವ್ಯಾಯಾಮ ಮಾಡಿದವರಿಗಿಂತ ಹೆಚ್ಚು ಇಳಿದವೆಂದು 2008ರಲ್ಲಿ ಪ್ರಕಟಿಸಿದರು. 2012ರಲ್ಲಿ ಕಾಕ್ರೇನ್ ಸಂಸ್ಥೆಯ ಸಮೀಕ್ಷೆಯು ಇಂಥ ಮೂರು ಅಧ್ಯಯನಗಳ 104 ಮಂದಿಯ ಫಲಿತಾಂಶವನ್ನು ಒಟ್ಟಾಗಿ ನೋಡಿ, ಲಾಭವು ಚಿಕ್ಕದಾದರೂ ನಿಜವೆಂದು ಕಂಡಿತು. ಪವಾಡವೆಂದು ಯಾರೂ ಹೇಳಲಿಲ್ಲ. ಆದರೆ ತಾನೇ ಅಂಗಿ ತೊಡಬಲ್ಲವನಿಗೂ ತೊಡಲಾರದವನಿಗೂ ನಡುವಿನ ಅಂತರ ಚಿಕ್ಕದೇ?

ಇದರಲ್ಲಿ ಒಂದು ಎಚ್ಚರವೂ ಬೇಕು. ವಿಕಿರಣ ಚಿಕಿತ್ಸೆ ಪಡೆದವರಲ್ಲಿ ಕೊರಳು ಮತ್ತು ಹೆಗಲಿನ ಅಂಗಾಂಶ ತಿಂಗಳುಗಳ ಬಳಿಕವೂ ಬಿಗಿಯುತ್ತ ಹೋಗಬಹುದು. ಅವರು ವ್ಯಾಯಾಮವನ್ನು ಬೇಗ ಕೈಬಿಡಬಾರದು. ಪರರ ಕೊರಳಿಗೆ ಹೇಳಿದ ವ್ಯಾಯಾಮವನ್ನು ನೋಡಿ ತಮ್ಮ ಕೊರಳಿಗೆ ಮಾಡಬಾರದು. ಬಲವಾಗಿ ಎಳೆಸುವುದು, ಉಜ್ಜಿಸುವುದು ಸಲ್ಲದು. ನೋವು ಹೆಚ್ಚುತ್ತ ಹೋದರೆ ನಿಲ್ಲಿಸಿ ತಜ್ಞರನ್ನು ಕಾಣಬೇಕು.

ನಮ್ಮ ಪಾಲಿನ ಹೊರೆ

ಶಸ್ತ್ರಚಿಕಿತ್ಸೆ ನಡೆಯುವುದು ದೂರದ ನಗರದಲ್ಲಿ, ಒಂದೇ ದಿನದಲ್ಲಿ. ಹೆಗಲು ಏಳುವುದು ಮಾಚೇನಹಳ್ಳಿಯಂಥ ಊರಿನ ಚಿಕ್ಕ ಮನೆಯ ಪಡಸಾಲೆಯಲ್ಲಿ, ತಿಂಗಳುಗಟ್ಟಲೆ. ಅಲ್ಲಿ ಶಸ್ತ್ರವೈದ್ಯರಿರುವುದಿಲ್ಲ, ಹೆಂಡತಿ, ಮಗಳು, ನೆರೆಯವರು ಇರುತ್ತಾರೆ. ಎರಕದ ಕಾರ್ಖಾನೆಯ ಕಾರ್ಮಿಕನಿಗೆ ಹೆಗಲಿಲ್ಲದೆ ಕೆಲಸವಿಲ್ಲ. ಕೆಲಸ ಹೋದಾಗ ಅವನಿಗೆ ಮೊದಲು ಅನ್ನಿಸುವುದು ತಾನು ಮನೆಗೆ ಹೊರೆಯಾದೆನೆಂದು. ಬಾಯಿಯ ಶಸ್ತ್ರಚಿಕಿತ್ಸೆಯಿಂದ ಮಾತು ತೊದಲುತ್ತಿದ್ದರೆ ಆ ದುಃಖವನ್ನು ಹೇಳಿಕೊಳ್ಳುವುದೂ ಅವನಿಗೆ ಕಷ್ಟ. ಇಂಥವರಿಗೆ ದಿನಕ್ಕೆ ಎರಡು ಬಾರಿ “ಬನ್ನಿ, ಕೋಲು ಹಿಡಿಯಿರಿ, ಹತ್ತು ಸಲ ಎತ್ತೋಣ” ಎಂದು ಜೊತೆಗೆ ಕೂರುವವರು ಬೇಕು.

ಸಂತ ಎರಡನೆಯ ಜಾನ್ ಪೌಲರು 1992ರಲ್ಲಿ ಘೋಷಿಸಿದ ವಿಶ್ವ ರೋಗಿಗಳ ದಿನವನ್ನು ನಾವು 1993ರಿಂದ ಪ್ರತಿ ಫೆಬ್ರವರಿ 11ರಂದು, ಲೂರ್ದು ಮಾತೆಯ ಹಬ್ಬದಂದು, ಆಚರಿಸುತ್ತ ಬಂದಿದ್ದೇವೆ. ಅಂದು ನಾವು ರೋಗಿಗಳನ್ನು ಕಾಣಲು ಹೋಗುತ್ತೇವೆ, ಹಣ್ಣು ಕೊಡುತ್ತೇವೆ, ಪ್ರಾರ್ಥಿಸುತ್ತೇವೆ. ಮುಂದಿನ ಬಾರಿ ಕೊರಳಿನಲ್ಲಿ ಗಾಯದ ಗೆರೆಯಿರುವವರನ್ನು ಕಂಡಾಗ ಒಂದು ಮಾತನ್ನು ಸೇರಿಸಿ ಕೇಳಿ: “ಕೈ ಎಲ್ಲಿಯವರೆಗೆ ಏಳುತ್ತದೆ?” ಫಿಜಿಯೋಥೆರಪಿಯ ಬಗ್ಗೆ ಅವರಿಗೆ ಯಾರೂ ಹೇಳಿರದಿದ್ದರೆ ನೀವು ಹೇಳಿ. ಶಿವಮೊಗ್ಗದವರೆಗೆ ಒಬ್ಬರೇ ಹೋಗಲಾರರೆಂದರೆ ಜೊತೆಯಲ್ಲಿ ಬಸ್ಸು ಹತ್ತಿ.

ಸಿರೇನ್ಯದ ಸಿಮೋನನು ಶಿಲುಬೆಯನ್ನು ಇಲ್ಲವಾಗಿಸಲಿಲ್ಲ. ಹಾದಿಯ ಸ್ವಲ್ಪ ದೂರ ಹೊತ್ತನು, ಅಷ್ಟೇ. ಕ್ರೈಲರಿಂದ ಮೊದಲುಗೊಂಡು ಸ್ವಾರೆಸ್, ಶಾ, ಮೆಕ್‌ನೀಲಿಯವರೆಗೆ ಪ್ರತಿಯೊಬ್ಬರೂ ಹೊತ್ತದ್ದು ಅಂಥ ಸ್ವಲ್ಪ ದೂರವನ್ನೇ. ಉಳಿದ ದೂರವು ನಮ್ಮ ಬೀದಿಯಲ್ಲಿದೆ. ಮುಂದಿನ ಭಾನುವಾರದ ಬಲಿಪೂಜೆಯಲ್ಲಿ ಪ್ರಭುವಿನ ಪ್ರಾರ್ಥನೆಗೆ ಎಲ್ಲರೂ ಕೈಗಳನ್ನೆತ್ತುವಾಗ ನಿಮ್ಮ ಪಕ್ಕದಲ್ಲಿ ಒಬ್ಬರ ಕೈ ಅರ್ಧಕ್ಕೇ ನಿಂತರೆ, ಪೂಜೆ ಮುಗಿದ ಮೇಲೆ ಅವರೊಡನೆ ಮನೆಯವರೆಗೆ ನಡೆದು ಹೋಗಿ.